ಹೊರಗಿನವರಿಗೆ ಹೆಲಿಕಾಪ್ಟರ್ ಬಂತು, ಊರಿನವರಿಗೆ?

ಪ್ರಶ್ನೆ: ಅಮೆರಿಕ ಮತ್ತು ನೇಟೊ ಸೇನೆ 20 ವರ್ಷ ಅಫ್ಘಾನಿಸ್ತಾನದಲ್ಲಿದ್ದವು. ಅವರ ಕಣ್ಣೆದುರೇ ಅಲ್ಲಿ ಹೊಸ ಸಂವಿಧಾನ ಬಂತು. ಹಾಗಿದ್ದೂ ಕ್ರೈಸ್ತನಾದ ಒಬ್ಬನಿಗೆ ಗಲ್ಲು ಶಿಕ್ಷೆ ಕೇಳಿದ್ದರು ಎಂದು ಓದಿದ ನೆನಪು. ಇದು ಹೇಗೆ ಸಾಧ್ಯ? ಸೇವೆಯ ಹೆಸರಲ್ಲಿ ಅಲ್ಲಿಗೆ ಹೋದ ಮಿಷನರಿಗಳದ್ದು ತಪ್ಪಲ್ಲವೇ? ಅಥವಾ ಅವರನ್ನು ತಡೆದದ್ದೇ ಧರ್ಮ ಸ್ವಾತಂತ್ರ್ಯಕ್ಕೆ ವಿರುದ್ಧವೇ?

ಉತ್ತರ: ನೀವು ಓದಿದ್ದು ಅಬ್ದುಲ್ ರಹಮಾನ್ ಎಂಬುವನ ಸುದ್ದಿ ಇರಬೇಕು. 2006ರದ್ದು. ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಆ ಒಂದು ಕೇಸಿನಲ್ಲೇ ಇದೆ.

ಆಗ ಅವನಿಗೆ 41 ವರ್ಷ. 1990ರ ಸುಮಾರಿಗೆ ಪಾಕಿಸ್ತಾನದ ಪೇಶಾವರದಲ್ಲಿ, ಅಫ್ಘನ್ ನಿರಾಶ್ರಿತರಿಗೆ ನೆರವಾಗುತ್ತಿದ್ದ ಕ್ರೈಸ್ತ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲೇ ಕ್ರೈಸ್ತನಾದ. ಸಂಸಾರ ಒಡೆಯಿತು. ಕೆಲವು ವರ್ಷ ಯುರೋಪಿನಲ್ಲಿ ಅಲೆದು, ತಾಲಿಬಾನ್ ಬಿದ್ದ ಮೇಲೆ 2002ರಲ್ಲಿ ಕಾಬೂಲಿಗೆ ವಾಪಸ್ ಬಂದ. ತನ್ನ ಇಬ್ಬರು ಹೆಣ್ಣುಮಕ್ಕಳನ್ನು ತನಗೆ ಕೊಡಿ ಎಂದು ಮನೆಯವರನ್ನು ಕೇಳಿದ. ಜಗಳ ಪೊಲೀಸ್ ಠಾಣೆ ಮುಟ್ಟಿತು. ಇವನು ಇಸ್ಲಾಂ ಬಿಟ್ಟವನು ಎಂದು ಮನೆಯವರೇ ಹೇಳಿದರು. ಬೈಬಲ್ ಸಿಕ್ಕಿತು. ಅಷ್ಟೇ ಕೇಸು.

ಸ್ವಲ್ಪ ನಿಂತು ನೋಡಿ. ಇಲ್ಲಿ ಯಾವ ಮಿಷನರಿಯೂ ಇಲ್ಲ. ಕರಪತ್ರ ಹಂಚಿದ್ದಿಲ್ಲ, ಯಾರನ್ನೋ ಪುಸಲಾಯಿಸಿದ್ದಿಲ್ಲ. ಇರುವುದು ಮಕ್ಕಳು ಯಾರ ಜೊತೆ ಇರಬೇಕು ಎಂಬ ಮನೆ ಜಗಳ, ಅದರಲ್ಲಿ ಒಂದು ಕಡೆಯವರು ಎಸೆದ ತುರುಪಿನ ಎಲೆ. ಸರ್ಕಾರಿ ವಕೀಲರು ಗಲ್ಲು ಕೇಳಿದರು. ವಾಪಸ್ ಇಸ್ಲಾಂಗೆ ಬಂದರೆ ಕೇಸು ಬಿಡುತ್ತೇವೆ ಎಂದೂ ಹೇಳಿದರು. ಅವನು ಒಪ್ಪಲಿಲ್ಲ. ಅಷ್ಟರಲ್ಲಿ ಜಗತ್ತಿನ ತುಂಬ ಗದ್ದಲ. ಅಫ್ಘಾನಿಸ್ತಾನಕ್ಕೆ ಸೈನಿಕರನ್ನೂ ದುಡ್ಡನ್ನೂ ಕಳಿಸುತ್ತಿದ್ದ ದೇಶಗಳ ನಾಯಕರೆಲ್ಲ, ಬುಷ್, ಮರ್ಕೆಲ್, ಜೊತೆಗೆ ಪೋಪ್ ಬೆನೆಡಿಕ್ಟ್ ಕೂಡ, ಅಧ್ಯಕ್ಷ ಕರ್ಜಾಯಿಗೆ ಒತ್ತಡ ಹಾಕಿದರು. ಆಗ ನ್ಯಾಯಾಲಯ ಏನು ಮಾಡಿತು ಅಂದರೆ, ತನಿಖೆಯಲ್ಲಿ ಲೋಪ ಇದೆ, ಆರೋಪಿಯ ಮಾನಸಿಕ ಆರೋಗ್ಯ ಸರಿ ಇದೆಯೋ ಇಲ್ಲವೋ ಗೊತ್ತಿಲ್ಲ ಎಂದು ಫೈಲು ವಾಪಸ್ ಕಳಿಸಿತು. ಮಾರ್ಚ್ 29ಕ್ಕೆ ಅವನು ಇಟಲಿಯಲ್ಲಿದ್ದ. ಅತ್ತ ಕಾಬೂಲಿನ ಸಂಸತ್ತಿನಲ್ಲಿ ಅವನನ್ನು ದೇಶ ಬಿಡಲು ಬಿಡಬಾರದಿತ್ತು ಎಂದು ಕೂಗಾಟ.

ಅಂದರೆ ಜೀವ ಉಳಿಯಿತು, ಪ್ರಶ್ನೆ ಹಾಗೇ ಉಳಿಯಿತು. "ಮನುಷ್ಯನೊಬ್ಬ ತನ್ನ ಧರ್ಮ ಬದಲಾಯಿಸಬಹುದು" ಎಂದು ಅಲ್ಲಿನ ಯಾವ ನ್ಯಾಯಾಧೀಶರೂ ಬರೆಯಲಿಲ್ಲ. ಅವನಿಗೆ ತಲೆ ಸರಿ ಇಲ್ಲದಿರಬಹುದು ಎಂದು ಬರೆದರು. ಮುಂದಿನವನಿಗೆ ಇದರಿಂದ ಏನು ಸಿಕ್ಕಿತು? ಏನೂ ಇಲ್ಲ.

ಇದಕ್ಕೆ ಜಾಗ ಕೊಟ್ಟದ್ದು ಸಂವಿಧಾನವೇ. ನಾನು ಸಂವಿಧಾನಗಳನ್ನು ಪಾಠ ಮಾಡುವವನು. 2004ರ ಅಫ್ಘನ್ ಸಂವಿಧಾನದ ಎರಡನೇ ಮತ್ತು ಮೂರನೇ ವಿಧಿಯನ್ನು ಒಂದರ ಹಿಂದೆ ಒಂದು ಓದಿದರೆ ಕ್ಲಾಸಿನಲ್ಲಿ ಯಾರಾದರೂ ಒಬ್ಬರು ನಕ್ಕೇ ನಗುತ್ತಾರೆ. ಎರಡನೆಯದು ಹೇಳುತ್ತದೆ: ದೇಶದ ಧರ್ಮ ಇಸ್ಲಾಂ, ಬೇರೆ ಧರ್ಮದವರು ಕಾನೂನಿನ ಮಿತಿಯೊಳಗೆ ತಮ್ಮ ಆಚರಣೆ ನಡೆಸಲು ಸ್ವತಂತ್ರರು. ಮೂರನೆಯದು: ಇಸ್ಲಾಂನ ನಂಬಿಕೆ ಮತ್ತು ನಿಯಮಗಳಿಗೆ ವಿರುದ್ಧವಾದ ಯಾವ ಕಾನೂನೂ ಇರಕೂಡದು. ಇನ್ನು ಏಳನೇ ವಿಧಿಗೆ ಬನ್ನಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ದೇಶ ಪಾಲಿಸುತ್ತದೆ ಅಂತ ಇದೆ. ಆ ಘೋಷಣೆಯ 18ನೇ ವಿಧಿಯಲ್ಲಿ ಧರ್ಮ ಬದಲಾಯಿಸುವ ಹಕ್ಕು ಕಪ್ಪುಬಿಳುಪಿನಲ್ಲಿ ಇದೆ. ಮೂರೂ ಒಂದೇ ಪುಸ್ತಕದಲ್ಲಿ, ನಾಲ್ಕಾರು ಪುಟಗಳ ಒಳಗೆ! ಒಂದಕ್ಕೊಂದು ತಾಕಿದರೆ ಯಾವುದು ಗೆಲ್ಲಬೇಕು ಎಂದು ಮಾತ್ರ ಎಲ್ಲೂ ಬರೆದಿಲ್ಲ.

ಇದು ಮರೆವಿನಿಂದ ಆದದ್ದಲ್ಲ. ಲೋಯ ಜಿರ್ಗಾದಲ್ಲಿ, ಅಂದರೆ ಎಲ್ಲ ಕಡೆಯ ಮುಖಂಡರು ಕೂತು ಒಪ್ಪಿಗೆ ಕೊಡುವ ಆ ದೊಡ್ಡ ಸಭೆಯಲ್ಲಿ, ಹಿಂದೆ ರಷ್ಯನ್ನರ ವಿರುದ್ಧ ಬಂದೂಕು ಹಿಡಿದಿದ್ದ ಮುಜಾಹಿದೀನ್ ನಾಯಕರೂ ಇದ್ದರು, ಹೊರದೇಶದಿಂದ ವಾಪಸಾದ ಓದಿದವರೂ ಇದ್ದರು, ಹಿಂದೆ ನಿಂತು ನೋಡುವ ದಾನಿ ದೇಶಗಳೂ ಇದ್ದವು. ಎಲ್ಲರಿಗೂ ಅವರವರ ಸಾಲು ಸಿಕ್ಕಿತು. ಜಗಳವನ್ನು ನ್ಯಾಯಾಧೀಶರ ತಲೆಗೆ ಕಟ್ಟಿ ಸಭೆ ಎದ್ದಿತು.

ನ್ಯಾಯಾಧೀಶರೋ, ಬಹುಪಾಲು ಮದರಸಾದಲ್ಲೋ ಶರಿಯತ್ ವಿಭಾಗದಲ್ಲೋ ಓದಿ ಬಂದವರು. ಅವರಿಗೆ 130ನೇ ವಿಧಿ ಇತ್ತು. ಸಂವಿಧಾನದಲ್ಲೂ ಕಾನೂನಿನಲ್ಲೂ ಏನೂ ಹೇಳಿಲ್ಲದ ಕಡೆ, ಸಂವಿಧಾನದ ಮಿತಿಯಲ್ಲಿ, ಸುನ್ನಿ ಮುಸ್ಲಿಮರ ಧರ್ಮಶಾಸ್ತ್ರ ಪದ್ಧತಿಗಳಲ್ಲಿ ಒಂದಾದ ಹನಫಿ ಪದ್ಧತಿಯಂತೆ ತೀರ್ಪು ಕೊಡಿ ಅನ್ನುತ್ತದೆ ಅದು. (ಹನಫಿ ನಮಗೆ ಹೊಸದೇನಲ್ಲ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪದ್ಧತಿಯವರು. ಘಟ್ಟದ ಮೇಲಿನ ಸುನ್ನಿಗಳಲ್ಲಿ ಜಾಸ್ತಿ ಜನ ಹನಫಿ. ಆದರೆ ಇಲ್ಲಿ ಅದು ನಮಾಜು, ಮದುವೆ, ಆಸ್ತಿ ಪಾಲಿನ ವಿಷಯ. ಅಲ್ಲಿ ಕ್ರಿಮಿನಲ್ ಕೋರ್ಟಿನೊಳಗೂ ಬಂತು.) 1976ರ ದಂಡ ಸಂಹಿತೆಯಲ್ಲಿ ಇಸ್ಲಾಂ ಬಿಡುವುದು ಅಪರಾಧ ಎಂಬ ಕಲಮೇ ಇರಲಿಲ್ಲ. ಕಲಂ ಇಲ್ಲದ್ದೇ ದಾರಿಯಾಯಿತು. ಹಳೆಯ ಹನಫಿ ಗ್ರಂಥಗಳ ಪ್ರಕಾರ ಧರ್ಮ ಬಿಟ್ಟ ಗಂಡಸಿಗೆ ಮೂರು ದಿನ ಯೋಚನೆಗೆ ಅವಕಾಶ, ಬಗ್ಗದಿದ್ದರೆ ಸಾವು. ಹೆಂಗಸಿಗೆ ಸಾವಿಲ್ಲ, ವಾಪಸ್ ಬರುವ ತನಕ ಸೆರೆ.

ಇದರ ಏಟು ಬಿದ್ದದ್ದು ಕ್ರೈಸ್ತರಿಗೆ ಮಾತ್ರ ಎಂದುಕೊಳ್ಳಬೇಡಿ. ಪರ್ವೇಜ್ ಕಾಂಬಖ್ಶ್ ಎಂಬ ಹುಡುಗ, ಬಲ್ಖ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದವನು, ಇಸ್ಲಾಂ ಮತ್ತು ಹೆಂಗಸರ ಹಕ್ಕಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಕ್ಕ ಬರಹ ಹಂಚಿದ ಎಂದು 2008ರಲ್ಲಿ ಗಲ್ಲು ಶಿಕ್ಷೆ ಪಡೆದ. ಮೇಲಿನ ಕೋರ್ಟಿನಲ್ಲಿ ಅದು 20 ವರ್ಷ ಜೈಲಾಯಿತು, 2009ರಲ್ಲಿ ಕರ್ಜಾಯಿ ಗುಟ್ಟಾಗಿ ಕ್ಷಮೆ ಕೊಟ್ಟು ದೇಶ ದಾಟಿಸಿದರು. ಅವನು ಹುಟ್ಟು ಮುಸ್ಲಿಂ, ಧರ್ಮ ಬಿಟ್ಟವನೂ ಅಲ್ಲ. ಕುರಾನನ್ನು ಅರಬ್ಬಿ ಮೂಲ ಇಲ್ಲದೆ ಬರೀ ಅಲ್ಲಿನ ದರಿ ಭಾಷೆಯಲ್ಲಿ ಅಚ್ಚು ಹಾಕಿಸಿದವರಿಗೂ 20 ವರ್ಷದ ಶಿಕ್ಷೆಯಾಯಿತು. ತಲೆಮಾರುಗಳಿಂದ ಅಲ್ಲೇ ಇದ್ದ ಸಿಖ್ಖರು, ಹಿಂದೂಗಳು ಹೆಣ ಸುಡಲು ಹೋದರೆ ಅಕ್ಕಪಕ್ಕದವರು ಕಲ್ಲೆಸೆಯುತ್ತಿದ್ದರು. ಕಾಗದದ ಮೇಲೆ ಇವರಿಗೆ ಎರಡನೇ ವಿಧಿ ಇತ್ತು.

ಈಗ ಮಿಷನರಿಗಳ ವಿಷಯಕ್ಕೆ ಬರೋಣ. ನೀವು "ತಪ್ಪಲ್ಲವೇ" ಎಂದು ಒಂದೇ ಏಟಿಗೆ ಕೇಳಿದ್ದೀರಿ. ಅಲ್ಲಿಗೆ ಹೋದವರು ಒಂದೇ ತರಹದ ಜನ ಅಲ್ಲ. ಬೇರೆ ಬೇರೆ ಹೇಳಲೇಬೇಕು.

ಕಥೆ ಯುದ್ಧಕ್ಕಿಂತ ಎರಡು ತಿಂಗಳು ಮುಂಚೆ ಶುರುವಾಗುತ್ತದೆ. 2001ರ ಆಗಸ್ಟಿನಲ್ಲಿ ತಾಲಿಬಾನ್ ಸರ್ಕಾರ ಶೆಲ್ಟರ್ ನೌ ಎಂಬ ಕ್ರೈಸ್ತ ನೆರವು ಸಂಸ್ಥೆಯ 8 ವಿದೇಶಿಯರನ್ನು ಹಿಡಿಯಿತು. ಜರ್ಮನ್ನರು, ಆಸ್ಟ್ರೇಲಿಯಾದವರು, ಡೇನಾ ಕರಿ ಮತ್ತು ಹೆದರ್ ಮರ್ಸರ್ ಎಂಬ ಇಬ್ಬರು ಅಮೆರಿಕನ್ ಹೆಣ್ಣುಮಕ್ಕಳು. ಜೊತೆಗೆ ಆ ಸಂಸ್ಥೆಯಲ್ಲಿ ಕೆಲಸಕ್ಕಿದ್ದ 16 ಮಂದಿ ಅಫ್ಘನ್ನರನ್ನೂ ಹಿಡಿಯಿತು. ಒಂದು ಅಫ್ಘನ್ ಮನೆಯಲ್ಲಿ ಯೇಸುವಿನ ಬಗ್ಗೆ ಸಿನಿಮಾ ತೋರಿಸಿದ್ದು ನಿಜ ಎಂದು ಆ ಇಬ್ಬರೂ ಆಮೇಲೆ ಒಪ್ಪಿಕೊಂಡರು. ಅದೇ ವರ್ಷದ ಜನವರಿಯಲ್ಲಿ ತಾಲಿಬಾನಿನ ಮುಖ್ಯಸ್ಥ ಮುಲ್ಲಾ ಉಮರ್ ಮತಾಂತರಕ್ಕೆ ಮರಣದಂಡನೆ ಎಂದು ಫರ್ಮಾನು ಹೊರಡಿಸಿದ್ದ. ಅದು ಗೊತ್ತಿದ್ದೂ ತೋರಿಸಿದ್ದರು. ಈ ಗಲಾಟೆಯಲ್ಲಿ ಬೇರೆ ಎರಡು ಕ್ರೈಸ್ತ ನೆರವು ಸಂಸ್ಥೆಗಳನ್ನೂ ತಾಲಿಬಾನ್ ದೇಶದಿಂದ ಹೊರಗೆ ಹಾಕಿತು. ಅದರಲ್ಲಿ ಒಂದು 1966ರಿಂದ ಅಲ್ಲಿ ಕಣ್ಣಿನ ಚಿಕಿತ್ಸೆಯ ಕೆಲಸ ನಡೆಸುತ್ತಿದ್ದ ಇಂಟರ್‌ನ್ಯಾಷನಲ್ ಅಸಿಸ್ಟೆನ್ಸ್ ಮಿಷನ್.

ನವೆಂಬರಿನಲ್ಲಿ ಕಾಬೂಲು ಬಿಟ್ಟು ಓಡುವಾಗ ತಾಲಿಬಾನಿಗಳು ಈ 8 ಜನರನ್ನು ಗಾಡಿಗೆ ತುಂಬಿಕೊಂಡು ಹೊರಟರು. ಒಂದು ರಾತ್ರಿ ಕೊರೆಯುವ ಚಳಿಯಲ್ಲಿ ಕಬ್ಬಿಣದ ಕಂಟೇನರಿನೊಳಗೆ ಕೂಡಿಹಾಕಿದರು. ಗಜ್ನಿಯಲ್ಲಿ ಊರಿನವರು ಎದ್ದು ಜೈಲಿನ ಬಾಗಿಲು ತೆರೆದರು. ಅಮೆರಿಕದ ಹೆಲಿಕಾಪ್ಟರ್‌ಗಳು ಬಂದವು, ಆದರೆ ಕತ್ತಲಲ್ಲಿ ಇವರು ಎಲ್ಲಿದ್ದಾರೆ ಎಂದು ಕಾಣಲಿಲ್ಲ. ಆಗ ಆ ಹೆಂಗಸರು ತಲೆಗೆ ಹೊದ್ದ ಬಟ್ಟೆ ತೆಗೆದು ರಾಶಿ ಹಾಕಿ ಬೆಂಕಿ ಹಚ್ಚಿದರು. ಉರಿ ಕಂಡು ಹೆಲಿಕಾಪ್ಟರ್ ಇಳಿಯಿತು. ಅಮೆರಿಕದ ಟೀವಿಗಳಿಗೆ ಹಬ್ಬ.

ಆ 16 ಅಫ್ಘನ್ನರು ಕಾಬೂಲಿನ ಜೈಲಿನಲ್ಲೇ ಉಳಿದಿದ್ದರು. ಅವರಿಗಾಗಿ ಯಾವ ಹೆಲಿಕಾಪ್ಟರೂ ಬರಲಿಲ್ಲ. ಸರ್ಕಾರ ಬಿದ್ದದ್ದರಿಂದ ಬಚಾವಾದರು. ಬೀಳದಿದ್ದರೆ?

ನನಗೆ ಈ ವಿಷಯದಲ್ಲಿ ಏನಾದರೂ ಖಚಿತವಾಗಿ ಅನ್ನಿಸಿದ್ದರೆ ಅದು ಇದೇ. ಇನ್ನೊಬ್ಬನ ದೇಶಕ್ಕೆ ಹೋಗಿ ಗುಟ್ಟಾಗಿ ಮತ ಪ್ರಚಾರ ಮಾಡುವವನು ತನ್ನ ಜೀವವನ್ನು ಪಣಕ್ಕಿಟ್ಟಿದ್ದೇನೆ ಎಂದುಕೊಳ್ಳುತ್ತಾನೆ. ಧೈರ್ಯವೇ, ಇಲ್ಲ ಅನ್ನುವುದಿಲ್ಲ. ಆದರೆ ಅವನ ಜೇಬಿನಲ್ಲಿ ಒಂದು ಪಾಸ್‌ಪೋರ್ಟ್ ಇದೆ, ಅದರ ಹಿಂದೆ ಒಂದು ಸರ್ಕಾರ ಇದೆ. ಪಣಕ್ಕೆ ಬಿದ್ದಿರುವುದು ಹೆಚ್ಚಾಗಿ ಅವನ ಡ್ರೈವರು, ಅಡುಗೆಯವನು, ಸಿನಿಮಾ ನೋಡಿದ ಮನೆಯವರು.

2007ರ ಕೊರಿಯಾದವರ ಪ್ರಕರಣ ಇನ್ನೂ ಕೆಟ್ಟದ್ದು. ಅದರ ಹಿಂದಿನ ವರ್ಷವೇ ಶಾಂತಿ ಉತ್ಸವ ಎಂದು ಸಾವಿರಕ್ಕೂ ಜಾಸ್ತಿ ಕೊರಿಯನ್ ಕ್ರೈಸ್ತರು ಬಂದಿದ್ದರು, ಅಫ್ಘನ್ ಸರ್ಕಾರ ವಾಪಸ್ ಕಳಿಸಿತ್ತು. ಹಾಗಿದ್ದೂ 2007ರ ಜುಲೈನಲ್ಲಿ ಸೋಲ್ ಹತ್ತಿರದ ಒಂದು ಚರ್ಚಿನ 23 ಮಂದಿ ಹೊರಟರು, 16 ಹೆಂಗಸರು, 7 ಗಂಡಸರು. ವಿಮಾನ ನಿಲ್ದಾಣದಲ್ಲಿ "ಅಫ್ಘಾನಿಸ್ತಾನಕ್ಕೆ ಹೋಗಬೇಡಿ" ಎಂದು ಸರ್ಕಾರ ಹಾಕಿದ್ದ ಬೋರ್ಡಿನ ಪಕ್ಕದಲ್ಲೇ ನಿಂತು ನಗುತ್ತಾ ಫೋಟೊ ತೆಗೆಸಿಕೊಂಡರು. ಆ ಫೋಟೊ ಆಮೇಲೆ ಇಡೀ ಕೊರಿಯಾ ನೋಡಿತು. ಕಾಬೂಲಿನಿಂದ ಕಂದಹಾರಕ್ಕೆ ಬಾಡಿಗೆ ಬಸ್ಸಿನಲ್ಲಿ ಹೋಗುವಾಗ ಗಜ್ನಿ ಪ್ರಾಂತ್ಯದಲ್ಲಿ ತಾಲಿಬಾನ್ ಬಸ್ ತಡೆಯಿತು. ಪಾದ್ರಿ ಸೇರಿ ಇಬ್ಬರನ್ನು ಕೊಂದರು. ಉಳಿದವರು ಬಿಡುಗಡೆಯಾಗುವಷ್ಟರಲ್ಲಿ ಆಗಸ್ಟ್ ಮುಗಿಯುತ್ತಾ ಬಂದಿತ್ತು. ಬದಲಿಗೆ ಕೊರಿಯಾ ಸರ್ಕಾರ ತನ್ನ 200ರಷ್ಟು ಸೈನಿಕರನ್ನು ಆ ವರ್ಷದೊಳಗೆ ವಾಪಸ್ ಕರೆಸುವುದಾಗಿ, ಮಿಷನರಿಗಳನ್ನು ಕಳಿಸುವುದಿಲ್ಲ ಎಂದು ತಾಲಿಬಾನಿಗೇ ಮಾತು ಕೊಡಬೇಕಾಯಿತು. ಒಂದು ದೇಶದ ಸರ್ಕಾರ ಬಂದೂಕು ಹಿಡಿದ ಗುಂಪಿನ ಎದುರು ಕೂತು ಮಾತಾಡಿತು, ಆ ಗುಂಪಿಗೆ ಅದಕ್ಕಿಂತ ದೊಡ್ಡ ಗೆಲುವು ಯಾವುದಿತ್ತು?

ಆದರೆ ಇವರನ್ನೂ ಟಾಮ್ ಲಿಟಲ್‌ನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅವನು ಕಣ್ಣಿನ ಕೆಲಸದವನು. 1970ರ ದಶಕದಲ್ಲಿ ಹೆಂಡತಿಯ ಜೊತೆ ಕಾಬೂಲಿಗೆ ಹೋದವನು ಅಲ್ಲೇ ಮಕ್ಕಳನ್ನು ಬೆಳೆಸಿದ. ದರಿ ಮಾತಾಡುತ್ತಿದ್ದ. ರಷ್ಯನ್ನರ ಕಾಲ, ಮುಜಾಹಿದೀನ್‌ಗಳ ಅಂತರ್ಯುದ್ಧ, ಎಲ್ಲವನ್ನೂ ಅಲ್ಲೇ ನೋಡಿದ. ನಾನು ಮೇಲೆ ಹೇಳಿದ ಆ ಇಂಟರ್‌ನ್ಯಾಷನಲ್ ಅಸಿಸ್ಟೆನ್ಸ್ ಮಿಷನ್ನಿನವನೇ. ಅವರು ಕ್ರೈಸ್ತರು ಅನ್ನುವುದನ್ನು ಎಂದೂ ಮುಚ್ಚಿಡಲಿಲ್ಲ. ಮತಾಂತರ ನಮ್ಮ ಕೆಲಸ ಅಲ್ಲ ಎಂದು ಸರ್ಕಾರಕ್ಕೆ ಹೇಳಿಯೇ ಇದ್ದರು. 2010ರ ಬೇಸಿಗೆಯಲ್ಲಿ ಅವನ ತಂಡ ನೂರಿಸ್ತಾನದ ಕಣಿವೆಯೊಂದಕ್ಕೆ ಹೊರಟಿತು. ಗಾಡಿ ಹೋಗದ ಜಾಗ. ಕುದುರೆ, ಕತ್ತೆಗಳ ಮೇಲೆ ಔಷಧಿ ಹೇರಿಕೊಂಡು, ಹಿಮದ ಕಣಿವೆ ದಾಟಿ, ಜನರ ಕಣ್ಣು ಹಲ್ಲು ನೋಡಿ ವಾಪಸ್ ಬರುವಾಗ ಬದಖ್ಶಾನಿನಲ್ಲಿ ಬಂದೂಕುಧಾರಿಗಳು ತಡೆದು ಹತ್ತು ಮಂದಿಯನ್ನು ಸಾಲಾಗಿ ಕೊಂದರು. ಆರು ಅಮೆರಿಕನ್ನರು, ಬ್ರಿಟನ್ನಿನ ಸರ್ಜನ್ ಕರೆನ್ ವೂ, ಒಬ್ಬ ಜರ್ಮನ್ ಹೆಂಗಸು, ಇಬ್ಬರು ಅಫ್ಘನ್ನರು. ಒಬ್ಬ ಡ್ರೈವರು ಕುರಾನಿನ ಸಾಲು ಹೇಳುತ್ತಾ ಬೇಡಿಕೊಂಡು ಬದುಕಿದ. ಇವರ ಬಳಿ ಬೈಬಲ್ ಇತ್ತು, ಅದಕ್ಕೇ ಕೊಂದೆವು ಎಂದು ತಾಲಿಬಾನ್ ಹೇಳಿತು. ಟಾಮ್ ಲಿಟಲ್‌ನನ್ನು ಕಾಬೂಲಿನಲ್ಲೇ ಮಣ್ಣು ಮಾಡಿದರು.

ಇನ್ನೊಂದು ಗುಂಪನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಲಿಟಲ್ ಸಿಸ್ಟರ್ಸ್ ಆಫ್ ಜೀಸಸ್ ಎಂಬ ಸಣ್ಣ ಸಭೆಯ ಕ್ಯಾಥೊಲಿಕ್ ಸಿಸ್ಟರ್‌ಗಳು 1950ರ ದಶಕದಿಂದ 2017ರವರೆಗೆ ಕಾಬೂಲಿನಲ್ಲಿದ್ದರು. ಅಲ್ಲಿನ ಹೆಂಗಸರ ಹಾಗೇ ಬಟ್ಟೆ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ತಾಲಿಬಾನಿನ ಮೊದಲ ಆಳ್ವಿಕೆಯಲ್ಲೂ ಊರು ಬಿಡಲಿಲ್ಲ. ಅವರು ಯಾರಿಗೂ ಏನನ್ನೂ ಬೋಧಿಸಿದ ಸುದ್ದಿ ಇಲ್ಲ. ಅವರ ಪೂಜೆ ಇಟಲಿ ರಾಯಭಾರ ಕಚೇರಿಯ ಒಳಗಿದ್ದ ಪುಟ್ಟ ಗುಡಿಯಲ್ಲಿ. ಇಡೀ ದೇಶಕ್ಕೆ ಅದೊಂದೇ ಕ್ಯಾಥೊಲಿಕ್ ಗುಡಿ, 1930ರ ದಶಕದಿಂದ ಇದ್ದದ್ದು, ಅದೂ ವಿದೇಶಿಯರಿಗೆ ಮಾತ್ರ. ಪ್ರಾಟೆಸ್ಟಂಟರು 1970ರಲ್ಲಿ ಕಾಬೂಲಿನಲ್ಲಿ ಒಂದು ಚರ್ಚ್ ಕಟ್ಟಿದ್ದರು, ಅದೂ ವಿದೇಶಿಯರಿಗೇ. 1973ರಲ್ಲಿ ಸರ್ಕಾರವೇ ಕೆಡವಿಸಿತು. ಆಗ ಇನ್ನೂ ರಾಜ ಜಾಹಿರ್ ಶಾಹನ ಕಾಲ, ತಾಲಿಬಾನ್ ಹುಟ್ಟೇ ಇರಲಿಲ್ಲ. ಹಾಗಾಗಿ ಎಲ್ಲವನ್ನೂ ತಾಲಿಬಾನಿನ ತಲೆಗೆ ಕಟ್ಟುವುದೂ ಸರಿ ಬರುವುದಿಲ್ಲ. 2004ರ ನಂತರವೂ ಬೀದಿಯಲ್ಲಿ ನಿಂತು ನೋಡಬಹುದಾದ ಹೊಸ ಚರ್ಚ್ ಒಂದೂ ಏಳಲಿಲ್ಲ.

ಸೇನೆಯ ಪಾಲನ್ನು ಮಿಷನರಿಗಳ ಖಾತೆಗೆ ಬರೆಯಬಾರದು, ಆದರೆ ಊರಿನವನಿಗೆ ಆ ಎರಡು ಖಾತೆ ಬೇರೆ ಎಂದು ಹೇಗೆ ಗೊತ್ತಾಗಬೇಕು? ಅಮೆರಿಕದ ಸೈನಿಕರು ಮತ ಪ್ರಚಾರ ಮಾಡಕೂಡದು ಎಂದು ಲಿಖಿತ ಆದೇಶವೇ ಇತ್ತು. ಆದರೂ ಅವರ ಬಾಗ್ರಾಮ್ ಸೇನಾ ನೆಲೆಯಲ್ಲಿ ದರಿ ಮತ್ತು ಪಶ್ತೊ ಬೈಬಲ್‌ಗಳು ಇದ್ದದ್ದು 2009ರಲ್ಲಿ ಅಲ್ ಜಜೀರಾ ತೋರಿಸಿದ ವಿಡಿಯೊದಲ್ಲಿ ಬಂತು. ಸೇನೆ ಅವನ್ನು ವಶಪಡಿಸಿಕೊಂಡು ಸುಟ್ಟುಹಾಕಿದ್ದಾಗಿ ಹೇಳಿತು. ಮರುವರ್ಷ ಇನ್ನೊಂದು ಹೊರಬಿತ್ತು: ಬಂದೂಕಿನ ಮೇಲೆ ಕೂರಿಸುವ ಗುರಿದುರ್ಬೀನಿನ ಮೇಲೆ, ಮಾಡೆಲ್ ನಂಬರಿನ ಪಕ್ಕದಲ್ಲೇ, ಅದನ್ನು ತಯಾರಿಸಿದ ಟ್ರಿಜಿಕಾನ್ ಕಂಪನಿ ಬೈಬಲಿನ ಅಧ್ಯಾಯ ವಾಕ್ಯಗಳ ಸಂಖ್ಯೆ ಕೆತ್ತಿಸುತ್ತಿತ್ತು. ಯೋಹಾನ 8:12, "ನಾನೇ ಲೋಕಕ್ಕೆ ಬೆಳಕು" ಎಂಬ ವಾಕ್ಯದ ಸಂಖ್ಯೆ, ಬಂದೂಕಿನ ಮೇಲೆ! ಇದು ಧರ್ಮಯುದ್ಧ ಎಂದು ಕೂಗುತ್ತಿದ್ದ ತಾಲಿಬಾನಿಗೆ ಇನ್ನೇನು ಬೇಕಿತ್ತು.

ಇದೆಲ್ಲದರ ಬಿಲ್ಲು ಬಂದದ್ದು 2010ರ ಮೇ ತಿಂಗಳಲ್ಲಿ. ಕಾಬೂಲಿನ ಒಂದು ಟೀವಿ ಚಾನೆಲ್ಲು ಅಫ್ಘನ್ನರು ಕ್ರೈಸ್ತರಾಗುವ ದೀಕ್ಷಾಸ್ನಾನ ಪಡೆಯುವ ವಿಡಿಯೊ ಹಾಕಿತು. ಮುಖಗಳು ಕಾಣುತ್ತಿದ್ದವು. ಬೀದಿಯಲ್ಲಿ ಮೆರವಣಿಗೆ. ಆ ವಿಡಿಯೊದಲ್ಲಿ ಇದ್ದವರನ್ನು ಸಾರ್ವಜನಿಕವಾಗಿ ಗಲ್ಲಿಗೇರಿಸಿ ಎಂದು ಒಬ್ಬ ಸಂಸದ ಸದನದಲ್ಲೇ ಹೇಳಿದ. ಹೆಸರಿನಲ್ಲಿ ಚರ್ಚ್ ಎಂಬ ಪದ ಇದ್ದ ಎರಡು ನೆರವು ಸಂಸ್ಥೆಗಳನ್ನು ಸರ್ಕಾರ ಕೆಲಕಾಲ ನಿಲ್ಲಿಸಿತು. ಸಂಸ್ಥೆಗಳದ್ದು ಬಿಡಿ. ಆ ದಿನಗಳಲ್ಲಿ ಹಿಡಿಯಲ್ಪಟ್ಟವರಲ್ಲಿ ಒಬ್ಬ, ನೆಲಬಾಂಬಿಗೆ ಒಂದು ಕಾಲು ಕಳೆದುಕೊಂಡು, ರೆಡ್ ಕ್ರಾಸ್‌ನಲ್ಲಿ ಬೇರೆಯವರಿಗೆ ಕೃತಕ ಕಾಲು ಜೋಡಿಸುವ ಕೆಲಸ ಮಾಡುತ್ತಿದ್ದವನು. ಅವನ ಪರ ನಿಲ್ಲಲು ಊರಿನ ವಕೀಲರು ಒಪ್ಪಲಿಲ್ಲ. ಎಂಟೊಂಬತ್ತು ತಿಂಗಳು ಒಳಗಿದ್ದು, ಮತ್ತದೇ ಹೊರದೇಶದ ಒತ್ತಡದಿಂದ 2011ರಲ್ಲಿ ಹೊರಬಂದ. ಆ ವಿಡಿಯೊ ತೆಗೆದವರು ಯಾವ ಧೈರ್ಯದಲ್ಲಿ ತೆಗೆದರೋ.

ಹಾಗಾದರೆ ನಿಮ್ಮ ಕೊನೆಯ ಪ್ರಶ್ನೆ, ತಡೆದದ್ದು ತಪ್ಪೇ? ಇಲ್ಲಿ ಎರಡು ಹಕ್ಕುಗಳು ಕಲಸಿಹೋಗಿವೆ. ಒಬ್ಬ ಅಫ್ಘನ್ ಏನು ನಂಬಬೇಕು, ಏನು ಬಿಡಬೇಕು ಎಂಬುದು ಅವನದೇ ಹಕ್ಕು. ಅದನ್ನು ಅವನ ಸರ್ಕಾರ ಕಸಿಯುವಂತಿಲ್ಲ. 1983ರಲ್ಲೇ ಆ ದೇಶ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸೇರಿ ಇದನ್ನು ಒಪ್ಪಿಕೊಂಡಿದೆ. ಹೊರಗಿನಿಂದ ವೀಸಾ ತೆಗೆದುಕೊಂಡು ಬಂದವನ ಪ್ರಚಾರದ ಹಕ್ಕು ಬೇರೆ. ಅದಕ್ಕೆ ಮಿತಿ ಹಾಕುವ ದೇಶಗಳು ಎಷ್ಟೋ ಇವೆ. ನಮ್ಮಲ್ಲೂ ಮಿಷನರಿ ವೀಸಾ ಅಂತ ಬೇರೆಯೇ ಇದೆ. ನಮ್ಮ ಸಂವಿಧಾನದ 25ನೇ ವಿಧಿ ಧರ್ಮ ಪ್ರಸಾರದ ಹಕ್ಕು ಕೊಡುತ್ತದೆ, ಆದರೆ ಪ್ರಸಾರ ಅಂದರೆ ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನ ಬಗ್ಗೆ ಇವತ್ತಿಗೂ ಜಗಳ ಇದೆ, ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಅಫ್ಘಾನಿಸ್ತಾನದಲ್ಲಿ ಆದದ್ದು ಏನೆಂದರೆ, ಎರಡನೇ ಹಕ್ಕಿನ ಮೇಲಿನ ಸಿಟ್ಟನ್ನು ಮೊದಲನೇ ಹಕ್ಕಿನ ಮೇಲೆ ತೀರಿಸಿದರು. ವಿದೇಶಿಯನನ್ನು ವಿಮಾನ ಹತ್ತಿಸಿದರು, ಊರಿನವನಿಗೆ ಗಲ್ಲು ಕೇಳಿದರು. ತಡೆಯುವುದೇ ಆಗಿದ್ದರೆ ವೀಸಾ ರದ್ದು ಮಾಡಿದ್ದರೆ ಸಾಕಿತ್ತು.

ಈಗ ಆ ಸಂವಿಧಾನವೂ ಇಲ್ಲ. 2021ರ ಆಗಸ್ಟ್ 15ಕ್ಕೆ ತಾಲಿಬಾನ್ ವಾಪಸ್ ಬಂತು. ಆಗ ಕಾಬೂಲಿನಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ಮಂಗಳೂರು ಕಡೆಯ ಒಬ್ಬ ಜೆಸ್ವಿಟ್ ಪಾದ್ರಿ, ಕಾಸರಗೋಡು ಕಡೆಯ ಒಬ್ಬ ಸಿಸ್ಟರ್ ಇದ್ದರು ಎಂದು ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು, ನಿಮಗೆ ನೆನಪಿರಬಹುದು. ಆ ಪಾದ್ರಿ ನಿರಾಶ್ರಿತರ ಶಿಕ್ಷಣದ ಕೆಲಸದಲ್ಲಿದ್ದರು, ಸಿಸ್ಟರ್ ಬುದ್ಧಿಮಾಂದ್ಯ ಮಕ್ಕಳ ಶಾಲೆಯಲ್ಲಿ. ಇಬ್ಬರೂ ಸುರಕ್ಷಿತವಾಗಿ ಬಂದರು. ಮದರ್ ತೆರೇಸಾ ಸಭೆಯ ಸಿಸ್ಟರ್‌ಗಳು ತಾವು ಸಾಕುತ್ತಿದ್ದ 14 ಅಂಗವಿಕಲ ಮಕ್ಕಳನ್ನು ಬಿಟ್ಟು ಬರುವುದಿಲ್ಲ ಎಂದು ಪಟ್ಟು ಹಿಡಿದು ಎಲ್ಲರನ್ನೂ ಕರೆದುಕೊಂಡೇ ಇಟಲಿಯ ವಿಮಾನ ಹತ್ತಿದರು. ರಾಯಭಾರ ಕಚೇರಿಯೊಳಗಿನ ಗುಡಿಯ ಪಾದ್ರಿಯೂ ಅವರ ಜೊತೆ ಹೊರಟರು. ಪೂಜೆ ಅಲ್ಲಿಗೆ ನಿಂತಿತು.